ಊರಂಚಿನ ಹಳ್ಳಿಯ ಬಾಲ್ಯ

ಬಾಲ್ಯದ ನೆನಪುಗಳನ್ನು ಕುರಿತು ಮಾತನಾಡಹೊರಟವನು ಮೊದಲೇ ಒಂದು ಎಚ್ಚರಿಕೆಯನ್ನು ವಹಿಸಬೇಕಾಗುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಸ್ಥಳಕ್ಕೆ ಹೇಗೋ ಕಾಲಕ್ಕೂ ಹಾಗೆಯೇ ಸಲ್ಲುತ್ತದೆ. ನಲವತ್ತು ದಾಟಿದವನ ಕಣ್ಣಿಗೆ ಹತ್ತು ವರ್ಷದ ತಾನು ಬಹಳ ಸುಖಿಯಾಗಿ ತೋರುತ್ತಾನೆ. ಆ ಹುಡುಗನನ್ನೇ ಕರೆತಂದು ಕೇಳುವ ಹಾಗಿದ್ದರೆ ಅವನು ಬೇರೆಯ ಮಾತನ್ನೇ ಹೇಳಿಯಾನು. ಆದುದರಿಂದ ಈ ಹೊತ್ತು ನಾನು ಹೇಳತಕ್ಕ ನೆನಪುಗಳನ್ನು ಹೊಗಳಿಕೆಯೆಂದಾಗಲಿ, ಕಳೆದುದಕ್ಕಾಗಿ ಮಾಡುವ ಗೋಳೆಂದಾಗಲಿ ಕೇಳುಗರು ಎಣಿಸಬಾರದೆಂದು ಬೇಡುತ್ತೇನೆ. ಒಂದು ಬಗೆಯ ಊರು ಹೇಗಿದ್ದಿತು, ಅಲ್ಲಿ ಬೆಳೆದವರಿಗೆ ಅದು ಏನನ್ನು ಕೊಟ್ಟಿತು, ಯಾರಿಂದ ಏನನ್ನು ಕಿತ್ತುಕೊಂಡಿತು ಎಂಬ ಲೆಕ್ಕವನ್ನು ಒಪ್ಪಿಸುವುದಷ್ಟೇ ನನ್ನ ಉದ್ದೇಶ.

ನಾನು ಹೇಳುತ್ತಿರುವುದು ಪೂರ್ತಿ ಹಳ್ಳಿಯನ್ನೂ ಅಲ್ಲ, ಪೂರ್ತಿ ಪಟ್ಟಣವನ್ನೂ ಅಲ್ಲ. ಪಟ್ಟಣದ ಅಂಚಿಗೆ ತಾಗಿಕೊಂಡು, ಅದರ ನೆರಳು ಮೈಮೇಲೆ ಬೀಳುವಷ್ಟು ಸಮೀಪದಲ್ಲಿ ಕುಳಿತಿರುವ ಹಳ್ಳಿ. ಇಂಗ್ಲಿಷಿನಲ್ಲಿ ಇದಕ್ಕೆ ಸಬರ್ಬ್ ಎಂಬ ಮಾತುಂಟು. ಊರಿನ ಬುಡದಲ್ಲಿರುವುದು ಎಂಬುದು ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ. ಆ ದೇಶದಲ್ಲಿ ಇಂಥ ಊರುಗಳ ಒಂದು ಚರಿತ್ರೆಯೇ ಇದೆ. ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಯವರು ೧೯೧೫ರಿಂದ ಮೆಟ್ರೊಲ್ಯಾಂಡ್ ಎಂಬ ಹೆಸರಿನ ಪುಸ್ತಿಕೆಗಳನ್ನು ಹೊರಡಿಸಿ, ಮಿಡ್ಲ್‌ಸೆಕ್ಸ್, ಬಕಿಂಗ್‌ಹ್ಯಾಮ್‌ಷೈರ್‌ಗಳ ಹಳ್ಳಿಗಳಲ್ಲಿ ಮನೆ ಮಾಡಿಕೊಂಡು ಪ್ರತಿದಿನ ರೈಲಿನಲ್ಲಿ ನಗರಕ್ಕೆ ಬರಬಹುದೆಂದು ಜನರಿಗೆ ಆಸೆ ಹುಟ್ಟಿಸಿದರು. ಹೀಗೆ ಪಟ್ಟಣ ನುಂಗಿದ ಹಳ್ಳಿಯೊಂದನ್ನು ಜಾರ್ಜ್ ಆರ್ವೆಲ್ ೧೯೩೯ರಲ್ಲಿ ಪ್ರಕಟಿಸಿದ ‘ಕಮಿಂಗ್ ಅಪ್ ಫಾರ್ ಏರ್’ ಕಾದಂಬರಿಯಲ್ಲಿ ನೋಡಬಹುದು. ನಡುವಯಸ್ಸಿನವನೊಬ್ಬ ತಾನು ಬೆಳೆದ ಊರಿಗೆ ಹಿಂತಿರುಗುತ್ತಾನೆ. ಬಾಲ್ಯದಲ್ಲಿ ದೊಡ್ಡ ಮೀನುಗಳನ್ನು ಕಂಡಿದ್ದ ಗುಟ್ಟಿನ ಕೊಳ ಬತ್ತಿ, ಕಸ ಸುರಿಯುವ ಗುಂಡಿಯಾಗಿರುತ್ತದೆ. ತರಗತಿಯಲ್ಲಿ ನಾನು ಇದನ್ನು ವಿವರಿಸುವಾಗ ಹುಡುಗರು ಮುಗುಳ್ನಗುತ್ತಾರೆ. ನಗುವಿಗೆ ಕಾರಣ ಬಲ್ಲೆ: ಅಂಥ ಕೆರೆ ಅವರ ಊರಿನಲ್ಲಿಯೂ ಉಂಟು.

ನಮ್ಮ ಹಳ್ಳಿ ಇದ್ದದ್ದು ಕೊಳ್ಳೇಗಾಲದ ಅಂಚಿನಲ್ಲಿ, ಯಳಂದೂರಿಗೆ ಹೋಗುವ ದಾರಿಯ ಕಡೆಗೆ. ಇಂಗ್ಲೆಂಡಿನ ಹಳ್ಳಿಗಳನ್ನು ರೈಲು ಬಂದು ಪಟ್ಟಣಕ್ಕೆ ಕಟ್ಟಿತು. ಕೊಳ್ಳೇಗಾಲಕ್ಕೆ ಇಂದಿಗೂ ರೈಲಿಲ್ಲ. ನಮ್ಮನ್ನು ಪಟ್ಟಣಕ್ಕೆ ಕಟ್ಟಿದ ಹುರಿ ಕಬ್ಬಿಣದ್ದಲ್ಲ, ರೇಷ್ಮೆಯದು. ಹಳ್ಳಿಯಲ್ಲಿ ಹಿಪ್ಪುನೇರಳೆಯ ತೋಟ, ಹುಳುವಿನ ಮನೆ. ಪಟ್ಟಣದಲ್ಲಿ ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವವರು, ಮಗ್ಗದವರು. ಬೆಳಗ್ಗೆ ಹಳ್ಳಿಯಿಂದ ಹೊರಟು ದೇವಾಂಗಪೇಟೆಯ ಕಡೆಗೆ ನಡೆದರೆ, ಎಲ್ಲಿ ಸೊಪ್ಪಿನ ಹಸಿ ವಾಸನೆ ಮುಗಿದು ಮಗ್ಗದ ಸದ್ದು ಕೇಳತೊಡಗುವುದೋ ಅಲ್ಲಿಗೆ ಪಟ್ಟಣ ಬಂದಂತೆ. ಪುರಸಭೆಯವರು ನೆಟ್ಟ ಗಡಿಕಲ್ಲಿಗಿಂತ ಈ ಗುರುತು ನಮಗೆ ಹೆಚ್ಚು ನಂಬಿಕೆಯದಾಗಿದ್ದಿತು.

ಆ ದಾರಿಯಲ್ಲಿ ಇನ್ನೊಂದು ಗಡಿಯೂ ಒಂದು ಕಾಲಕ್ಕೆ ಇದ್ದಿತು. ಹೊಸ ತಲೆಮಾರಿನ ಅನೇಕರಿಗೆ ಅದು ಗೊತ್ತಿರಲಾರದು. ೧೭೯೯ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಕೊಳ್ಳೇಗಾಲದ ಸೀಮೆ ಇಂಗ್ಲಿಷ್ ಕುಂಪಣಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರಾದರೋ ಮೈಸೂರು ಸಂಸ್ಥಾನದಲ್ಲಿಯೇ ಉಳಿದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಸುಮಾರು ಹತ್ತು ಮೈಲಿಗಳ ಅಂತರದಲ್ಲಿರುವ ಎರಡು ಊರುಗಳು, ಆಡುವ ಮಾತು ಒಂದೇ, ಕೊಟ್ಟು ತರುವ ನೆಂಟಸ್ತಿಕೆ ಒಂದೇ, ನಂಬುವ ದೇವರು ಒಬ್ಬನೇ; ಆದರೂ ಒಂದೂವರೆ ಶತಮಾನ ಕಾಲ ಎರಡು ಸರ್ಕಾರಗಳ ಕೆಳಗೆ ಬಾಳಿದುವು. ನಮ್ಮ ತಾತ ಯಳಂದೂರಿನ ಕಡೆಯನ್ನು ‘ಮಹಾರಾಜರ ಸೀಮೆ’ ಎಂದೇ ಕೊನೆಯವರೆಗೂ ಕರೆಯುತ್ತಿದ್ದ. ನೆಲದ ವ್ಯಾಜ್ಯವೊಂದು ಹುಟ್ಟಿ ದೊಡ್ಡ ಕಚೇರಿಗೆ ಹೋಗಬೇಕಾದರೆ ನಮ್ಮವರು ಹಾಸನೂರು, ದಿಂಬಂ ಘಾಟಿಗಳನ್ನು ಇಳಿದು, ಸತ್ಯಮಂಗಲವನ್ನು ಹಾದು ಕೊಯಮತ್ತೂರಿಗೆ ಹೋಗಬೇಕಾಗಿದ್ದಿತು. ಮೈಸೂರು ಅದಕ್ಕಿಂತ ಬಹಳ ಹತ್ತಿರ; ಆದರೆ ಅದು ಬೇರೆಯ ರಾಜ್ಯ. ೧೯೫೬ರ ನವೆಂಬರ್ ೧ರಂದು ರಾಜ್ಯಗಳು ಭಾಷೆಯ ಮೇಲೆ ಮತ್ತೆ ರೂಪುಗೊಂಡಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಕೊಳ್ಳೇಗಾಲದೊಳಗೇ ಇದ್ದ ಹನೂರು ಈಚೆಗೆ ತಾನೇ ಒಂದು ತಾಲ್ಲೂಕಾಯಿತು. ತಾತನು ಮನೆ ಬದಲಿಸದೆಯೇ ಸರ್ಕಾರವನ್ನು ಬದಲಿಸಿದವನು. ಅಂಚಿನಲ್ಲಿರುವ ಊರಿನವರಿಗೆ ಒಂದು ವಿವೇಕ ಇದರಿಂದ ಬರುತ್ತದೆ: ಗೆರೆಗಳನ್ನು ಎಳೆಯುವವರು ಎಲ್ಲೋ ದೂರದಲ್ಲಿದ್ದಾರೆ; ನಾವು ಮಾತ್ರ ಇಲ್ಲಿಯೇ ಇರುತ್ತೇವೆ.

ರೇಷ್ಮೆಯ ಮಾತಿಗೆ ಬರೋಣ. ಮದರಾಸು ಆಧಿಪತ್ಯದಲ್ಲಿ ಹಿಪ್ಪುನೇರಳೆ ಬೆಳೆಗೆ ಮುಖ್ಯ ನೆಲೆಯೇ ಕೊಳ್ಳೇಗಾಲವಾಗಿದ್ದಿತು. ನಾನು ಹುಟ್ಟಿ ಬೆಳೆದ ಎಂಬತ್ತರ ದಶಕದಲ್ಲಿಯೂ ನಮ್ಮ ಹಳ್ಳಿಯಲ್ಲಿ ಹುಳು ಮೇಯಿಸದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದಿತು. ಪೇಟೆಯ ಅಂಗಡಿಯಲ್ಲಿ ಜರತಾರಿ ಸೀರೆಯನ್ನು ಕೊಳ್ಳುವವರಿಗೆ ಅದರ ಹಿಂದಿನ ಸಂಸಾರದ ಕಲ್ಪನೆ ಇರುವುದು ಅಪರೂಪ. ಆದುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ೧೦೦ ಮೊಟ್ಟೆ ತಂದೆವೆಂದು ರೈತ ಹೇಳಿದರೆ, ಅದು ನೂರು ಚಿಟ್ಟೆಗಳು ಇಟ್ಟ ಮೊಟ್ಟೆಯ ರಾಶಿ. ಅದರಿಂದ ೪೦,೦೦೦ಕ್ಕೂ ಮೇಲ್ಪಟ್ಟು ಹುಳುಗಳು ಹೊರಬರುತ್ತವೆ. ಇರುವೆಯಷ್ಟು ಸಣ್ಣದಾಗಿ ಹುಟ್ಟಿದ ಹುಳು ಸುಮಾರು ನಾಲ್ಕು ವಾರಗಳಲ್ಲಿ ಬೆರಳುದ್ದಕ್ಕೆ ಬೆಳೆಯುತ್ತದೆ. ಈ ನಡುವೆ ನಾಲ್ಕು ಸಲ ಮೇವನ್ನು ಬಿಟ್ಟು, ತಲೆಯನ್ನೆತ್ತಿಕೊಂಡು, ಅಲುಗಾಡದೆ ನಿಂತು ಹಳೆಯ ಚರ್ಮವನ್ನು ಕಳಚುತ್ತದೆ. ಇದಕ್ಕೆ ನಮ್ಮ ಜನ ‘ಜ್ವರ’ ಎನ್ನುತ್ತಾರೆ. ಒಂದನೆಯ ಜ್ವರ, ಎರಡನೆಯ ಜ್ವರ, ಹೀಗೆ. ಹುಳುಗಳು ಜ್ವರಕ್ಕೆ ಕುಳಿತ ದಿನ ಮನೆಯಲ್ಲಿ ಗಟ್ಟಿಯಾಗಿ ಮಾತನಾಡುವಂತಿಲ್ಲ, ಒಗ್ಗರಣೆಯ ಹೊಗೆ ಆ ಕೋಣೆಗೆ ಹೋಗುವಂತಿಲ್ಲ. ಮನೆಯ ಮಕ್ಕಳಿಗೆ ಜ್ವರ ಬಂದಾಗಲೂ ಇಷ್ಟು ನಿಶ್ಶಬ್ದ ನಮ್ಮ ಮನೆಯಲ್ಲಿ ಇರುತ್ತಿರಲಿಲ್ಲವೆಂದು ಅಮ್ಮನನ್ನು ನಾವು ಆಡಿಕೊಳ್ಳುತ್ತಿದ್ದೆವು.

ನಾಲ್ಕನೆಯ ಜ್ವರ ಎದ್ದ ಮೇಲೆ ಬರುವ ವಾರವೇ ಪರೀಕ್ಷೆಯ ವಾರ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಈ ಒಂದು ವಾರದಲ್ಲಿ ತಿಂದುಬಿಡುತ್ತದೆ. ಹಗಲಿರುಳೆನ್ನದೆ ಸೊಪ್ಪು ಹಾಕಬೇಕು. ರಾತ್ರಿ ಎಚ್ಚರವಾದಾಗ ತಟ್ಟೆಗಳ ಕಡೆಯಿಂದ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಸದ್ದು ಕೇಳುತ್ತಿದ್ದಿತು; ಅದು ನಲವತ್ತು ಸಾವಿರ ಬಾಯಿಗಳು ಎಲೆಯನ್ನು ಕತ್ತರಿಸುವ ಸದ್ದು. ಬಳಿಕ ಹುಳು ಹಣ್ಣಾಗಿ ಮೈ ಪಾರದರ್ಶಕವಾದಾಗ ಅವನ್ನು ಆಯ್ದು ಬಿದಿರಿನ ಚಂದ್ರಿಕೆಗಳ ಮೇಲೆ ಬಿಡುತ್ತಾರೆ. ಎರಡು ಮೂರು ದಿನಗಳಲ್ಲಿ ನೂರಾರು ಗಜದ ಒಂದೇ ಎಳೆಯನ್ನು ಸುತ್ತಿಕೊಂಡು ಅದು ಗೂಡಿನೊಳಗೆ ಮರೆಯಾಗುತ್ತದೆ. ಆಮೇಲೆ ಗೂಡನ್ನು ಬಿಡಿಸಿ, ಮೂಟೆ ಕಟ್ಟಿ, ಮಾರುಕಟ್ಟೆಯ ಹರಾಜಿಗೆ ಒಯ್ಯುವುದು. ಅಪ್ಪನು ಅಲ್ಲಿಂದ ಹಿಂದಿರುಗುವಾಗ ದೂರದಿಂದಲೇ ನಡಿಗೆಯನ್ನು ನೋಡಿ ದರ ಎಷ್ಟು ಬಿದ್ದಿತೆಂಬುದನ್ನು ಅಮ್ಮ ಹೇಳಿಬಿಡುತ್ತಿದ್ದಳು.

ಈ ಬೆಳೆಗೆ ಶತ್ರುಗಳೂ ಉಂಟು. ೧೯೮೦ರಲ್ಲಿ ಬಂಗಾಳದ ಕಡೆಯಿಂದ ಬಂದ ಗೂಡುಗಳ ಜೊತೆಗೆ ಊಜಿ ನೊಣವೆಂಬುದು ಕರ್ನಾಟಕವನ್ನು ಹೊಕ್ಕಿತು. ಇದು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಹುಳುವಿನ ಒಳಗಿಳಿದು ಅದನ್ನೇ ತಿಂದು ಬೆಳೆಯುತ್ತದೆ. ಚರ್ಮದ ಮೇಲೆ ಒಂದು ಕಪ್ಪು ಚುಕ್ಕೆ ಕಂಡರೆ ಆ ಹುಳುವಿನ ಕಥೆ ಮುಗಿದಂತೆ. ಕಿಟಕಿ ಬಾಗಿಲುಗಳಿಗೆ ನೈಲಾನ್ ಬಲೆಯನ್ನು ಕಟ್ಟದ ಹುಳುಮನೆಯನ್ನು ನಾನು ಕಂಡೇ ಇಲ್ಲ. ಮುಂದೆ ತೊಂಬತ್ತರ ದಶಕದ ಕೊನೆಗೆ ಬಲೆಗೆ ಸಿಗದ ಇನ್ನೊಂದು ಶತ್ರು ಬಂದಿತು: ಚೀನಾ ದೇಶದ ಅಗ್ಗದ ಕಚ್ಚಾರೇಷ್ಮೆ. ಗೂಡಿನ ದರ ಕುಸಿದು, ಹಲವರು ತೋಟಗಳನ್ನು ಅಗೆದು ಕಬ್ಬು, ಮುಸುಕಿನ ಜೋಳಗಳಿಗೆ ತಿರುಗಿದರು. ಪಟ್ಟಣದ ಅಂಚಿನಲ್ಲಿದ್ದವರಿಗೆ ಕಬ್ಬಿಗಿಂತ ಸುಲಭವಾದ ಬೆಳೆಯೊಂದು ಒದಗಿತು. ಅದನ್ನು ಮುಂದೆ ಹೇಳುತ್ತೇನೆ.

ಈಗ ನನ್ನ ಅಕ್ಕನ ಮಾತು. ಆಕೆ ನನಗಿಂತ ನಾಲ್ಕು ವರ್ಷ ದೊಡ್ಡವಳು. ಲೆಕ್ಕದಲ್ಲಿ ನನಗಿಂತ ಬಹಳ ಚುರುಕು. ನನಗೆ ಮಗ್ಗಿಯನ್ನು ಬಾಯಿಪಾಠ ಮಾಡಿಸಿದವಳು ಅವಳೇ. ಏಳನೆಯ ತರಗತಿ ಮುಗಿದ ಮೇಲೆ ಅವಳು ಶಾಲೆಗೆ ಹೋಗಲಿಲ್ಲ. ಯಾರೂ ಜಗಳವಾಡಲಿಲ್ಲ, ಯಾರೂ ಅಳಲಿಲ್ಲ. ಹುಳು ನಾಲ್ಕನೆಯ ಜ್ವರ ಎದ್ದಿದ್ದಿತು, ಸೊಪ್ಪು ಕೊಯ್ಯಲು ಕೈ ಬೇಕಾಗಿದ್ದಿತು. ಒಂದು ವಾರವೆಂದು ನಿಂತದ್ದು ಒಂದು ಬೆಳೆಯಾಯಿತು; ವರ್ಷಕ್ಕೆ ಐದಾರು ಬೆಳೆ; ಅಲ್ಲಿಗೆ ಮುಗಿಯಿತು. ಅದೇ ಗೂಡಿನ ಹಣದಿಂದ ನನಗೆ ಪುಸ್ತಕ ಬಂದುವು, ಮೈಸೂರಿನ ಹಾಸ್ಟೆಲಿನ ಊಟ ಬಂದಿತು, ಇಂಗ್ಲಿಷ್ ಎಂ.ಎ. ಪದವಿ ಬಂದಿತು. ಕಡಿಮೆ ಬಂಡವಾಳದ ಗೃಹ ಕೈಗಾರಿಕೆಯೆಂದು ರೇಷ್ಮೆ ಕೃಷಿಯನ್ನು ಹೊಗಳುವವರ ಮಾತುಗಳನ್ನು ನಾನು ಕೇಳಿದ್ದೇನೆ. ಹೊಗಳಿಕೆ ಸುಳ್ಳಲ್ಲ. ಆದರೆ ಬಂಡವಾಳ ಕಡಿಮೆಯಾಗಿ ತೋರುವುದು, ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಲೆಕ್ಕಪುಸ್ತಕದಲ್ಲಿ ಕಲಮು ಇಲ್ಲದಿರುವುದರಿಂದ.

ನಮ್ಮ ಶಾಲೆಯ ಪಠ್ಯದಲ್ಲಿ ಸಂಚಿಯ ಹೊನ್ನಮ್ಮನ ಪದ್ಯಗಳಿದ್ದುವು. ಆಕೆ ಯಳಂದೂರಿನವಳು. ಹದಿನೇಳನೆಯ ಶತಮಾನದ ಕೊನೆಗೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗಕ್ಕಿದ್ದು, ‘ಹದಿಬದೆಯ ಧರ್ಮ’ವೆಂಬ ಕಾವ್ಯವನ್ನು ರಚಿಸಿದಳು. ಹೆಂಡತಿಯ ಕರ್ತವ್ಯವನ್ನು ಹೇಳಹೊರಟ ಗ್ರಂಥದಲ್ಲಿಯೇ, ಮಗಳೆಂಬ ಒಂದು ಕಾರಣಕ್ಕೆ ಮಗುವನ್ನು ಕೀಳಾಗಿ ಕಾಣುವವರನ್ನು ಆಕೆ ತಡೆದು ಪ್ರಶ್ನಿಸುತ್ತಾಳೆ. ಆ ಪದ್ಯವನ್ನು ನಾನು ಸಂಜೆ ಗಟ್ಟಿಯಾಗಿ ಓದಿ ಕಂಠಪಾಠ ಮಾಡುತ್ತಿದ್ದರೆ, ಅಕ್ಕ ಪಕ್ಕದಲ್ಲಿ ಕುಳಿತು ಸೊಪ್ಪನ್ನು ಹೆಚ್ಚುತ್ತ, ನಾನು ತಪ್ಪಿದ ಕಡೆ ತಾನೇ ಮುಂದಿನ ಮಾತನ್ನು ಎತ್ತಿಕೊಡುತ್ತಿದ್ದಳು. ಪರೀಕ್ಷೆಯಲ್ಲಿ ಅಂಕ ಬಂದುದು ನನಗೆ.

ಯಳಂದೂರು ಎಂದರೆ ನಮಗೆ ಶಾಲೆಯ ಪ್ರವಾಸದ ಊರು. ಸುವರ್ಣಾವತಿ ಹೊಳೆಯನ್ನು ನಮ್ಮ ಜನ ಹೊನ್ನುಹೊಳೆಯೆಂದು ಕರೆಯುತ್ತಾರೆ. ಅದರ ಮಗ್ಗುಲ ಆ ಊರಿನಲ್ಲಿ ಗೌರೀಶ್ವರನ ಗುಡಿಯ ಮುಂದೆ ಬಳೆಮಂಟಪವಿದೆ. ಕಲ್ಲಿನಲ್ಲಿಯೇ ಕಡೆದ ಬಳೆಗಳು ಒಂದರೊಳಗೊಂದು ಕೊಂಡಿಯಾಗಿ ಜೋತಾಡುವುದನ್ನು ನೋಡಿ, ಇವನ್ನು ಬಿಚ್ಚಲು ಬರುತ್ತದೆಯೇ ಎಂದು ಮೇಷ್ಟರನ್ನು ಕೇಳುತ್ತಿದ್ದೆವು. ರಾಜಶೇಖರ ವಿಳಾಸವನ್ನು ಬರೆದ ಷಡಕ್ಷರದೇವನೂ ಈ ಊರಿನ ಮಠದವನೇ. ಊರಾಚೆಗೆ ಬಿಳಿಗಿರಿರಂಗನ ಬೆಟ್ಟದ ಸಾಲು. ಮಳೆಗಾಲ ಮುಗಿದ ಬೆಳಗಿನಲ್ಲಿ ನಮ್ಮ ತೋಟದ ಬದುವಿನ ಮೇಲೆ ನಿಂತರೆ ನೀಲಿಯಾಗಿ ತೋರುತ್ತಿದ್ದಿತು.

ಆ ಬೆಟ್ಟದ ಮೇಲೆ ಇಂಗ್ಲಿಷ್ ಬಾಲ್ಯವೊಂದು ಕಳೆದಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹೊನ್ನಮೇಟಿಯಲ್ಲಿ ಕಾಫಿ ತೋಟವನ್ನು ನಡೆಸುತ್ತಿದ್ದ ಆರ್. ಸಿ. ಮಾರಿಸ್ ಎಂಬಾತನ ಮಗಳು ಮೋನಿಕಾ ಸೋಲಿಗರ ನಡುವೆ ಅಲ್ಲಿ ಬೆಳೆದಳು. ಮುಂದೆ ಮೋನಿಕಾ ಜ್ಯಾಕ್ಸನ್ ಎಂಬ ಹೆಸರಿನಲ್ಲಿ, ೧೯೫೫ರಲ್ಲಿ ಹೆಂಗಸರೇ ಕೂಡಿ ಹಿಮಾಲಯಕ್ಕೆ ಹೊರಟ ಮೊದಲನೆಯ ಪರ್ವತಾರೋಹಣ ತಂಡದಲ್ಲಿ ಒಬ್ಬಳಾದಳು. ವೃದ್ಧಾಪ್ಯದಲ್ಲಿ ತನ್ನ ಬೆಟ್ಟಕ್ಕೆ ಮರಳಿ ಬಂದ ಕಥೆಯನ್ನು ‘ಗೋಯಿಂಗ್ ಬ್ಯಾಕ್’ ಎಂಬ ಪುಸ್ತಕವಾಗಿ ಬರೆದಳು. ಅದೇ ಬೆಟ್ಟವನ್ನು ಕೆಳಗಿನಿಂದ ನೋಡುತ್ತ ಬೆಳೆದವನು ನಾನು. ಅವಳ ಬಾಲ್ಯದ ಬಗ್ಗೆ ಪುಸ್ತಕವಿದೆ. ಅವಳ ಜೊತೆಯಲ್ಲಿ ಆಡಿದ ಸೋಲಿಗರ ಮಕ್ಕಳು ಬರೆದ ಪುಸ್ತಕವಿಲ್ಲ. ೧೯೭೪ರಲ್ಲಿ ಆ ಕಾಡು ವನ್ಯಜೀವಿಧಾಮವಾದಾಗ ಸೋಲಿಗರ ಬೇಸಾಯ, ಬೇಟೆ, ಅಲೆದಾಟಗಳಿಗೆ ತಡೆ ಬಿದ್ದಿತು. ೨೦೧೧ರಲ್ಲಿ ಅದು ಹುಲಿಗಳ ರಕ್ಷಿತಾರಣ್ಯವಾಯಿತು. ಅದೇ ವರ್ಷ ಅವರ ಸಮುದಾಯದ ಅರಣ್ಯ ಹಕ್ಕುಗಳಿಗೆ ಕಾನೂನಿನ ಮನ್ನಣೆ ದೊರೆಯಿತೆಂಬುದು ಸಮಾಧಾನದ ಸಂಗತಿ. ನೆನಪು ಎಲ್ಲರಿಗೂ ಇರುತ್ತದೆ. ಅದನ್ನು ಬರೆದಿಡುವ ಬಿಡುವು ಮಾತ್ರ ಕೆಲವರಿಗೆ.

ಇನ್ನೊಂದು ದಿಕ್ಕಿಗೆ ಹನೂರು. ಯಳಂದೂರಿನ ದಾರಿ ಪುಸ್ತಕದ ದಾರಿಯಾದರೆ ಹನೂರಿನದು ದೇವರ ದಾರಿ. ಶಿವರಾತ್ರಿ, ಯುಗಾದಿ, ದೀಪಾವಳಿಗಳು ಹತ್ತಿರವಾದಂತೆ ಮಲೆ ಮಹದೇಶ್ವರನ ಪರುಷೆ ನಮ್ಮ ಊರಿನ ಮೇಲೆ ಹಾದು ಹೋಗುತ್ತಿದ್ದಿತು. ತಲೆಯ ಮೇಲೆ ಗಂಟು, ಬರಿಗಾಲು, ಬಾಯಲ್ಲಿ ‘ಉಘೇ ಮಾದಪ್ಪ’. ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟದ ಬುಡಕ್ಕೆ ಹೋಗಿ ಅಲ್ಲಿಂದ ಏಳು ಮಲೆಯನ್ನು ಏರಬೇಕು. ಹೆಂಗಸರು ಜಗಲಿಯ ಮೇಲೆ ನೀರುಮಜ್ಜಿಗೆಯ ಕೊಡವನ್ನಿಟ್ಟು ಕಾಯುತ್ತಿದ್ದರು. ರಾತ್ರಿ ತಂಗಿದ ದೇವರಗುಡ್ಡರು ಕಂಸಾಳೆಯನ್ನು ಹಿಡಿದು ಮಾದಪ್ಪನ ಕಥೆಯನ್ನು ಎತ್ತಿದರೆ ಮುಗಿಯುವಾಗ ಕೋಳಿ ಕೂಗುತ್ತಿದ್ದಿತು. ಪುಷ್ಯಮಾಸದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ. ಅಲ್ಲಿ ಮೊದಲ ರಾತ್ರಿ ಚಂದ್ರಮಂಡಲವನ್ನು ಉರಿಸುತ್ತಾರೆ. ಅದರ ಜ್ವಾಲೆ ಯಾವ ದಿಕ್ಕಿಗೆ ಹೆಚ್ಚು ವಾಲುವುದೋ ಆ ದಿಕ್ಕಿಗೆ ಮಳೆ ಬೆಳೆ ಚೆನ್ನೆಂದು ನಂಬಿಕೆ. ಕಾಲೇಜಿನಲ್ಲಿ ಹೋಮರನ ಕಾವ್ಯ ಮೊದಲು ಹಾಡಿನ ರೂಪದಲ್ಲಿದ್ದಿತೆಂದು ಗುರುಗಳು ಹೇಳಿದಾಗ ಇತರರು ಬೆರಗಾದರು. ನನಗೆ ಮಾತ್ರ ಅದರಲ್ಲಿ ಬೆರಗಾಗುವಂಥದು ಏನೂ ಕಾಣಲಿಲ್ಲ.

ಆ ದೇವರ ದಾರಿಯೇ ಭಯದ ದಾರಿಯಾದುದನ್ನೂ ನಮ್ಮ ತಲೆಮಾರು ನೋಡಿತು. ಕಾಡುಗಳ್ಳ ವೀರಪ್ಪನ್‌ನ ಕೈಯಿಂದ ೧೯೯೧ರ ನವೆಂಬರಿನಲ್ಲಿ ಗೋಪಿನಾಥಂ ಬಳಿ ಅರಣ್ಯಾಧಿಕಾರಿ ಶ್ರೀನಿವಾಸರು ಸತ್ತರು. ೧೯೯೨ರ ಮೇ ತಿಂಗಳಿನಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಅದೇ ಆಗಸ್ಟಿನಲ್ಲಿ ಮೀಣ್ಯದ ಬಳಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ, ಶಕೀಲ್ ಅಹಮದ್ ಅವರು ಪ್ರಾಣ ತೆತ್ತರು. ನಮಗೆ ಅವು ಪತ್ರಿಕೆಯ ಸುದ್ದಿಗಳಾಗಿರಲಿಲ್ಲ; ಸಂಜೆಯ ಬಸ್ಸು ಬರುವುದೋ ಇಲ್ಲವೋ ಎಂಬ ಪ್ರಶ್ನೆಗಳಾಗಿದ್ದುವು. ೧೯೯೪ರಲ್ಲಿ ಅಕ್ಕನನ್ನು ಹನೂರಿನ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಕಾಡಿನ ಅಂಚಿನ ಜನಕ್ಕೆ ಎರಡು ಕಡೆಯಿಂದಲೂ ಸಂಕಟ: ಕಾಡಿನವನಿಗೆ ಅಕ್ಕಿ ಕೊಟ್ಟರೆ ಪೊಲೀಸರ ಭಯ, ಪೊಲೀಸರೊಡನೆ ಮಾತನಾಡಿದರೆ ಕಾಡಿನವನ ಭಯ. ವಿಶೇಷ ಪಡೆಯ ಅತಿರೇಕಗಳನ್ನು ಕುರಿತು ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವರ ನೇತೃತ್ವದಲ್ಲಿ ವಿಚಾರಣೆಯನ್ನೇ ನಡೆಸಬೇಕಾಯಿತು. ೨೦೦೨ರಲ್ಲಿ ಮಾಜಿ ಸಚಿವ ನಾಗಪ್ಪನವರನ್ನು ಕಾಮಗೆರೆಯ ಅವರ ಮನೆಯಿಂದಲೇ ಅಪಹರಿಸಿದಾಗ, ಅಮ್ಮ ಮೂರು ದಿನ ಒಲೆಯನ್ನು ಸರಿಯಾಗಿ ಹಚ್ಚಲಿಲ್ಲ. ಕಾಮಗೆರೆ ಇರುವುದು ಹನೂರಿನ ದಾರಿಯಲ್ಲಿ. ನಾಗಪ್ಪನವರು ಜೀವಸಹಿತ ಹಿಂದಿರುಗಲಿಲ್ಲ. ೨೦೦೪ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ ಸುದ್ದಿ ಬಂದ ಮೇಲೆ, ಅಕ್ಕನ ಊರಿನವರು ಮೊದಲು ಮಾಡಿದ ಕೆಲಸ ಸಂಭ್ರಮವಲ್ಲ. ದೀಪ ಹಚ್ಚಿದ ಮೇಲೂ ಬಾಗಿಲನ್ನು ತೆರೆದಿಟ್ಟು ಜಗಲಿಯ ಮೇಲೆ ಕುಳಿತದ್ದು.

ನಮ್ಮ ಹಳ್ಳಿಯೊಳಗೂ ಒಂದು ಅಂಚು ಇದ್ದಿತು. ಅದನ್ನು ಹೇಳದೆ ಬಿಟ್ಟರೆ ಲೆಕ್ಕ ಪೂರ್ತಿಯಾಗದು. ಪಟ್ಟಣದವರು ನಮ್ಮನ್ನು ಹಳ್ಳಿಗಮಾರರೆಂದರೆ ನಮಗೆ ಸಿಟ್ಟು ಬರುತ್ತಿದ್ದಿತು. ಆದರೆ ನಮ್ಮ ಬೀದಿ ಮುಗಿದು ಕೇರಿ ಮೊದಲಾಗುವಲ್ಲಿ ಒಂದು ಗೆರೆಯುಂಟೆಂಬುದನ್ನು ನಾವು ಗಾಳಿ ಬೆಳಕುಗಳಂತೆ ಸಹಜವೆಂದು ಭಾವಿಸಿದ್ದೆವು. ಕೇರಿಯ ಹೆಂಗಸರು ನಮ್ಮ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ಆದರೆ ಹುಳುಮನೆಯ ಹೊಸ್ತಿಲಿನ ಆಚೆಗೇ ಬುಟ್ಟಿಯನ್ನು ಇಳಿಸುತ್ತಿದ್ದರು. ಹುಳುವಿಗೆ ಸೋಂಕು ತಗುಲೀತೆಂಬುದು ಹೇಳುತ್ತಿದ್ದ ಕಾರಣ. ನಿಜವಾದ ಕಾರಣ ಎಲ್ಲರಿಗೂ ಗೊತ್ತಿದ್ದಿತು. ಅದೇ ಕೇರಿಯ ನೀಲಗಾರರು ತಂಬೂರಿಯನ್ನು ಹಿಡಿದು ಮಂಟೇಸ್ವಾಮಿಯ ಕಥೆಯನ್ನು ಹಾಡುತ್ತ ಬಂದಾಗ ಇಡೀ ಬೀದಿ ಕೈ ಮುಗಿಯುತ್ತಿದ್ದಿತು. ಹಾಡಿಗೆ ದೊರೆತ ಗೌರವ ಹಾಡುವವನಿಗೆ ಹೊಸ್ತಿಲವರೆಗೆ ಮಾತ್ರ. ಹಳ್ಳಿಯ ಒಗ್ಗಟ್ಟನ್ನು ನೆನೆದು ಕಣ್ಣೀರಿಡುವ ಲೇಖನಗಳನ್ನು ಓದುವಾಗ ನನ್ನ ನೆನಪಿಗೆ ಬರುವುದು ಆ ಹೊಸ್ತಿಲು.

ಓದಲು ಮೈಸೂರಿಗೆ ಬಂದಾಗ ಊರಿನ ಹೆಸರೇ ನನಗೊಂದು ಉಪದ್ರವವಾಯಿತು. ಕೊಳ್ಳೇಗಾಲವೆಂದರೆ ಮಾಟಮಂತ್ರದ ಊರೆಂಬ ಖ್ಯಾತಿ ನಾಡಿನಲ್ಲೆಲ್ಲ ಹಬ್ಬಿದೆಯಷ್ಟೆ. ಹಾಸ್ಟೆಲಿನ ಗೆಳೆಯರು ಮೊದಲ ವಾರ ನನ್ನೊಡನೆ ಬಹಳ ವಿನಯದಿಂದ ವರ್ತಿಸಿದರು. ಎರಡನೆಯ ವಾರ ಒಬ್ಬನು ಗುಟ್ಟಾಗಿ ಬಂದು, ಪರೀಕ್ಷೆಗೆ ಏನಾದರೂ ಯಂತ್ರವುಂಟೇ ಎಂದು ಕೇಳಿದ. ನಮ್ಮ ಊರಿನ ಯಂತ್ರವೆಂದರೆ ನೂಲು ಬಿಚ್ಚುವ ರಾಟೆಯೊಂದೇ ಎಂದು ಹೇಳಿದರೆ ಅವನು ನಂಬಲಿಲ್ಲ. ದಟ್ಟವಾದ ಕಾಡು, ಎರಡು ರಾಜ್ಯಗಳ ಗಡಿ, ಮಲೆಯಾಳದ ಕಡೆಯಿಂದ ಬರುವ ದಾರಿಗಳು, ಇವೆಲ್ಲ ಸೇರಿ ಇಂಥ ಕಥೆಗಳನ್ನು ಬೆಳೆಸಿರಬೇಕು. ಅಂಚಿನ ಊರುಗಳ ಮೇಲೆ ನಡುವಿನವರು ತಮ್ಮ ಹೆದರಿಕೆಗಳನ್ನೆಲ್ಲ ಹೊರಿಸುವುದು ಎಲ್ಲ ದೇಶಗಳಲ್ಲಿಯೂ ಉಂಟು.

ಆಗ ಹೇಳುತ್ತೇನೆಂದ ಸುಲಭದ ಬೆಳೆ ನಿವೇಶನದ ಬೆಳೆ. ಗೂಡಿನ ದರ ಬಿದ್ದ ವರ್ಷಗಳಲ್ಲಿಯೇ ಪಟ್ಟಣ ಬೆಳೆಯತೊಡಗಿತು. ಹಿಪ್ಪುನೇರಳೆಯ ಸಾಲುಗಳಿದ್ದ ಕಡೆ ಸುಣ್ಣದ ಗೆರೆಗಳು ಬಂದುವು. ಗೆರೆಗಳ ಮೇಲೆ ಮನೆಗಳು ಬಂದುವು. ಇಂದು ನಮ್ಮ ಹಳ್ಳಿ ಪಟ್ಟಣದ ಒಂದು ಬಡಾವಣೆ. ಸೊಪ್ಪಿನ ವಾಸನೆಗೂ ಮಗ್ಗದ ಸದ್ದಿಗೂ ನಡುವೆ ಇದ್ದ ಗುರುತು ಅಳಿಸಿಹೋಗಿದೆ. ವಾಸನೆಯೂ ಇಲ್ಲ, ಸದ್ದು ಅಪರೂಪ. ಇದನ್ನು ಹೇಳುವಾಗ ನನ್ನ ಧ್ವನಿಯಲ್ಲಿ ಮರುಕ ಸುಳಿಯುವುದುಂಟು. ಒಮ್ಮೆ ಅಕ್ಕನೆದುರಿಗೆ ಹೀಗೆಯೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ಗೆ ತೋಟ ಹೋಯ್ತು ಅಂತ ಬೇಜಾರು, ನನ್ಗೆ ಸೊಪ್ಪು ಕುಯ್ಯೋದು ತಪ್ತು ಅಂತ ಸಮಾಧಾನ ಕಣಪ್ಪ’ ಎಂದಳು. ಅವಳ ಮಗಳು ದಿನವೂ ಬಸ್ಸಿನಲ್ಲಿ ಬಂದು ಕೊಳ್ಳೇಗಾಲದ ಕಾಲೇಜಿನಲ್ಲಿ ಓದಿ ಪದವಿಯನ್ನು ಪಡೆದಿದ್ದಾಳೆ. ಗಣಿತವೇ ಅವಳ ಮುಖ್ಯ ವಿಷಯ.

ಆ ಮಾತು ನನ್ನ ವಿಚಾರವನ್ನು ಸ್ಪಷ್ಟಪಡಿಸಿತು. ಹೋದುದರಲ್ಲಿ ಎರಡು ಬಗೆಯಿದೆ. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಬಾರದು. ಹೊಸ್ತಿಲಿನಾಚೆಯ ಬುಟ್ಟಿ, ಏಳನೆಯ ತರಗತಿಗೆ ನಿಂತ ಓದು, ಸಂಜೆಯ ಬಸ್ಸಿನ ಭಯ, ಇವು ಹೋದುದು, ಹೋದಷ್ಟು, ನಮ್ಮ ಭಾಗ್ಯ. ಇನ್ನೂ ಉಳಿದಿರುವಲ್ಲಿ ಹೋಗಬೇಕು. ಆದರೆ ಕೆರೆಯ ನೀರು, ದಾರಿಹೋಕನಿಗೆ ಇಟ್ಟ ಮಜ್ಜಿಗೆಯ ಕೊಡ, ಬೆಳಗಿನವರೆಗೆ ಕಥೆಯನ್ನು ಕೇಳುವ ತಾಳ್ಮೆ, ಇವುಗಳಿಗೂ ಆ ಕೆಡುಕುಗಳಿಗೂ ಅವಶ್ಯವಾದ ಸಂಬಂಧವೇನೂ ಇರಲಿಲ್ಲ. ಕೆಡುಕನ್ನು ಕಳೆಯಲು ಕೆರೆಯನ್ನೂ ಮುಚ್ಚಬೇಕಾಗಿರಲಿಲ್ಲ. ಹಳೆಯದನ್ನೆಲ್ಲ ಉಳಿಸಬೇಕೆನ್ನುವವರೂ ಹೊಸದಕ್ಕಾಗಿ ಎಲ್ಲವನ್ನೂ ಬಿಟ್ಟುಕೊಡಬೇಕೆನ್ನುವವರೂ ಈ ವಿಂಗಡಣೆಯ ಶ್ರಮವನ್ನು ತಪ್ಪಿಸಿಕೊಳ್ಳುತ್ತಾರೆ.

ಕೇಳುಗರಲ್ಲಿ ಹಲವರು ಮೈಸೂರು, ಬೆಂಗಳೂರುಗಳ ಹೊಸ ಬಡಾವಣೆಗಳಲ್ಲಿ ವಾಸಿಸುತ್ತಿರಬಹುದು. ಹೆಚ್ಚಿನವುಗಳ ಕೆಳಗೆ ಒಂದು ಹಳ್ಳಿಯುಂಟು. ಅಲ್ಲಿ ಹೊಲಗಳಿಗೆ ಸಂಖ್ಯೆಯ ಬದಲು ಹೆಸರುಗಳಿದ್ದುವು. ನಮ್ಮ ತೋಟಕ್ಕೆ ‘ಹುಣಿಸೆಮರದ ಪಟ್ಟೆ’ ಎಂದಿದ್ದಿತು, ಈಗ ಅದಕ್ಕೆ ಖಾತೆಯ ಅಂಕೆ ಮಾತ್ರ. ನಿಮ್ಮ ಬೀದಿಯ ಕೊನೆಯಲ್ಲಿ ಹಳೆಯ ಮನೆಯೊಂದು ಉಳಿದಿದ್ದರೆ, ಅದರ ಜಗಲಿಯ ಮೇಲೆ ವಯಸ್ಸಾದವರು ಕುಳಿತಿದ್ದರೆ, ಈ ನೆಲಕ್ಕೆ ಮೊದಲು ಏನು ಹೆಸರಿದ್ದಿತೆಂದು ಕೇಳಿ ಬರೆದುಕೊಳ್ಳಿ. ಗಂಡಸರನ್ನಷ್ಟೇ ಕೇಳಿದರೆ ಸಾಲದು. ಒಳಗೆ ಕೆಲಸದಲ್ಲಿರುವ ಹೆಂಗಸನ್ನೂ ಕೇಳಬೇಕು, ಊರ ಹೊರಗಿನ ಕೇರಿಗೂ ಹೋಗಿ ಕೇಳಬೇಕು. ಮೂವರ ಉತ್ತರಗಳೂ ಒಂದೇ ಆಗಿರಲಾರವು. ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಊರಿ‌ನ ಚರಿತ್ರೆ ತಕ್ಕಮಟ್ಟಿಗೆ ದೊರೆಯುತ್ತದೆ.